ಡಿಎಸ್‌ಸಿ ಸೈನ್ ಆಗ್ತಿಲ್ವಾ? ತಡೆಯುತ್ತಿರುವುದು ಯಾರೆಂದು ಮೊದಲು ಹುಡುಕಿ

ತಿಂಗಳ 20ನೇ ತಾರೀಖು. ಕಂಪನಿಯ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ತಯಾರಿದೆ, ತೆರಿಗೆ ಕಟ್ಟಿಯಾಗಿದೆ, ಸೈನ್ ಒಂದೇ ಬಾಕಿ. ಡಿಎಸ್‌ಸಿ ಅಂದರೆ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್, ಯುಎಸ್‌ಬಿ ಟೋಕನ್‌ನೊಳಗಿರುವ ನಿಮ್ಮ ಡಿಜಿಟಲ್ ಸಹಿ. 'ಫೈಲ್ ವಿತ್ ಡಿಎಸ್‌ಸಿ' ಒತ್ತಿದರೆ ಪುಟ್ಟ ಪೆಟ್ಟಿಗೆಯೊಂದು ಎದುರಾಗುತ್ತದೆ: ಸರ್ವರ್ ಜೊತೆ ಸಂಪರ್ಕ ಆಗಲಿಲ್ಲ, ಎಂಸೈನರ್ ಅನ್ನು ಮತ್ತೆ ಶುರು ಮಾಡಿ. ಮತ್ತೆ ಶುರು ಮಾಡಿದರೂ ಅದೇ ಮಾತು. ಟೋಕನ್ ಕಿತ್ತು ಹಾಕಿದರೂ ಅದೇ ಮಾತು.

ಇಲ್ಲಿ 'ಸರ್ವರ್' ಅಂದರೆ ಜಿಎಸ್‌ಟಿ ಪೋರ್ಟಲ್‌ನ ಸರ್ವರ್ ಅಲ್ಲ. ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನೊಳಗೇ ಓಡಬೇಕಾದ, ಸೈನ್ ಮಾಡಿಸುವ ಒಂದು ಸಣ್ಣ ಪ್ರೋಗ್ರಾಂ. ಜಿಎಸ್‌ಟಿಯಲ್ಲಿ ಅದರ ಹೆಸರು ಎಂಸೈನರ್. ಅದನ್ನು ನಿಮ್ಮ ವಿಂಡೋಸ್, ನಿಮ್ಮ ಬ್ರೌಸರ್ ಅಥವಾ ನಿಮ್ಮ ಆಂಟಿವೈರಸ್ ಎಲ್ಲೋ ಒಂದು ಕಡೆ ತಡೆದಿದೆ. ಆದಾಯ ತೆರಿಗೆ ಪೋರ್ಟಲ್ ಆಗಲಿ, ಕರ್ನಾಟಕದ ಗುತ್ತಿಗೆದಾರರು ಟೆಂಡರ್ ಹಾಕುವ ಕೆಪಿಪಿಪಿ ಆಗಲಿ, ಡಿಎಸ್‌ಸಿ ಬಳಸುವ ಕಡೆಯಲ್ಲೆಲ್ಲ ತೊಂದರೆಯ ಸ್ವರೂಪ ಹೆಚ್ಚು ಕಡಿಮೆ ಒಂದೇ. ಪ್ರೋಗ್ರಾಂನ ಹೆಸರು ಬೇರೆ ಇರಬಹುದು, ಅಷ್ಟೇ.

ಇಂಥ ಹೊತ್ತಿನಲ್ಲಿ ಫೋನಿನಲ್ಲಿ ಸಿಗುವ ಸಲಹೆ ಗೊತ್ತೇ ಇದೆ. "ಆಂಟಿವೈರಸ್ ಆಫ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಆಮೇಲೆ ನೋಡಿ ಸರ್." ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಇದು. ನಿಮ್ಮ ಸಹಿಯೇ ಇರುವ ಟೋಕನ್ ಚುಚ್ಚಿಕೊಂಡು ಕೂತ ಹೊತ್ತಿನಲ್ಲೇ ಕಂಪ್ಯೂಟರಿನ ರಕ್ಷಣೆಯನ್ನೆಲ್ಲ ತೆಗೆಯುವುದೇ? ಬೇಡ. ಯಾರು ತಡೆದಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ. ಅಲ್ಲಿ ಮಾತ್ರ, ಬೇಕಾದಷ್ಟು ಮಾತ್ರ ಅನುಮತಿ ಕೊಡಿ.

ಪ್ಲಗ್‌ಇನ್ ಈಗ ಬ್ರೌಸರಿನೊಳಗೆ ಇಲ್ಲ

ಹಿಂದೆ ಈ ಕೆಲಸವನ್ನು ಜಾವಾ ಆ್ಯಪ್ಲೆಟ್ ಮಾಡುತ್ತಿತ್ತು, ಇಲ್ಲವೇ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಆ್ಯಕ್ಟಿವ್‌ಎಕ್ಸ್ ಮಾಡುತ್ತಿತ್ತು. ಎರಡೂ ಬ್ರೌಸರಿನ ಒಳಗೇ ಕೂತು ಕಂಪ್ಯೂಟರಿನ ಯಾವ ಮೂಲೆಗೆ ಬೇಕಾದರೂ ಕೈ ಹಾಕಬಲ್ಲವಾಗಿದ್ದವು. ಕಳ್ಳರಿಗೂ ಅದೇ ದಾರಿ ಸುಲಭವಾಯಿತು. 2015ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್ 45 ಹಳೆಯ ಪ್ಲಗ್‌ಇನ್ ವ್ಯವಸ್ಥೆಯನ್ನೇ ಕಿತ್ತುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ, 52ನೇ ಆವೃತ್ತಿಯಲ್ಲಿ, ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದನ್ನು ನಿಲ್ಲಿಸಿತು. ಫ್ಲ್ಯಾಶ್ 2020ರ ಕೊನೆಗೆ ಮುಗಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ವಿದಾಯ ಹೇಳಿತು.

ಹಾಗಾಗಿ 'ಬ್ರೌಸರಿನಲ್ಲಿ ಜಾವಾ ಎನೇಬಲ್ ಮಾಡಿ' ಎಂದು ಶುರುವಾಗುವ ಗೈಡ್ ಕಣ್ಣಿಗೆ ಬಿದ್ದರೆ ಅಲ್ಲಿಗೇ ಮುಚ್ಚಿಬಿಡಿ. ಇವತ್ತಿನ ಕ್ರೋಮ್‌ನಲ್ಲಿ ಆ ಸ್ವಿಚ್ಚೇ ಇಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಸೈನ್ ಮಾಡುವ ಪ್ರೋಗ್ರಾಂ ಬೇರೆಯೇ ಇನ್‌ಸ್ಟಾಲ್ ಆಗಿರುತ್ತದೆ. ಅದು ನಿಮ್ಮ ಕಂಪ್ಯೂಟರಿನಲ್ಲಿ 127.0.0.1 ಎಂಬ, ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ವಿಳಾಸದಲ್ಲಿ, ಒಂದು ಪೋರ್ಟ್ (ಪ್ರೋಗ್ರಾಂ ಮಾತು ಕೇಳುವ ಬಾಗಿಲು) ನಂಬರಿನಲ್ಲಿ ಕಿವಿ ತೆರೆದು ಕೂತಿರುತ್ತದೆ. ಜಿಎಸ್‌ಟಿಯ ಎಂಸೈನರ್ ಸಾಮಾನ್ಯವಾಗಿ ಹಿಡಿಯುವ ಪೋರ್ಟ್ 1585. ಪೋರ್ಟಲ್‌ನ ಪುಟ ಬ್ರೌಸರ್ ಮೂಲಕ ಆ ಪೋರ್ಟ್‌ನ ಬಾಗಿಲು ತಟ್ಟುತ್ತದೆ. ಪ್ರೋಗ್ರಾಂ ಟೋಕನ್ ಡ್ರೈವರನ್ನು ಕರೆದು, ನಿಮ್ಮಿಂದ ಪಿನ್ ಕೇಳಿ, ಸೈನ್ ಮಾಡಿ ಕೊಡುತ್ತದೆ. ಅಂದರೆ ಟೋಕನ್, ಡ್ರೈವರ್, ಸೈನರ್ ಪ್ರೋಗ್ರಾಂ, ಪೋರ್ಟ್, ಬ್ರೌಸರ್ ಎಂಬ ಸರಪಳಿ. ಪರೀಕ್ಷೆಯನ್ನೂ ಇದೇ ಕ್ರಮದಲ್ಲಿ ಮಾಡಬೇಕು, ಟೋಕನ್ ಕಡೆಯಿಂದ. ಜಾಸ್ತಿ ಜನ ಬ್ರೌಸರ್ ಕಡೆಯಿಂದ ಶುರು ಮಾಡಿ, ಕ್ಯಾಶ್ ಕ್ಲಿಯರ್ ಮಾಡುತ್ತಾ ಅರ್ಧ ದಿನ ಕಳೆಯುತ್ತಾರೆ.

ಟೋಕನ್ ಕಾಣುತ್ತಿದೆಯೇ?

ಬ್ರೌಸರ್ ಮುಚ್ಚಿ. ಟೋಕನ್ ಚುಚ್ಚಿ. ಇಪಾಸ್ 2003, ಪ್ರಾಕ್ಸ್‌ಕೀ, ಎಂಟೋಕನ್, ನಿಮ್ಮದು ಯಾವುದೋ ಅದರ ಮ್ಯಾನೇಜರ್ ತೆರೆದು ನಿಮ್ಮ ಹೆಸರಿನ ಸರ್ಟಿಫಿಕೇಟ್ ಇದೆಯೇ, ಅವಧಿ ಮುಗಿದಿಲ್ಲ ತಾನೇ ಎಂದು ನೋಡಿ. ಅವಧಿ ಮುಗಿದ ಡಿಎಸ್‌ಸಿ ಹಿಡಿದು ವಿಂಡೋಸ್ ಜೊತೆ ಗುದ್ದಾಡುವವರು ಕಡಿಮೆ ಇಲ್ಲ.

ಮುಂದಿನದು ಇನ್ನೂ ಮುಖ್ಯ. ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ 'ಇಂಟರ್ನೆಟ್ ಆಪ್ಷನ್ಸ್' ಹುಡುಕಿ. ಕಂಟೆಂಟ್ ಟ್ಯಾಬ್, ಸರ್ಟಿಫಿಕೇಟ್ಸ್, ಪರ್ಸನಲ್. ಟೋಕನ್ ಚುಚ್ಚಿದಾಗ ನಿಮ್ಮ ಹೆಸರು ಇಲ್ಲಿ ಕಂಡರೆ ಟೋಕನ್ ಮತ್ತು ಡ್ರೈವರ್ ಎರಡೂ ಸರಿ ಇವೆ ಎಂದರ್ಥ. ತೊಂದರೆ ಅದರಾಚೆಗಿದೆ, ನೇರ ಸೈನರ್ ಪ್ರೋಗ್ರಾಂಗೆ ಹೋಗಿ. ಕಾಣದಿದ್ದರೆ ಬ್ರೌಸರಿನ ಸೆಟ್ಟಿಂಗ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ.

ಕಾಣದಿರಲು ಎರಡು ಕಾರಣಗಳು ಪದೇ ಪದೇ ಸಿಗುತ್ತವೆ. ಒಂದು, 'ಸ್ಮಾರ್ಟ್ ಕಾರ್ಡ್' ಎಂಬ ವಿಂಡೋಸ್ ಸರ್ವಿಸ್ ನಿಂತಿರುವುದು. ಸರ್ವಿಸಸ್ ಕಿಟಕಿಯಲ್ಲಿ ಅದನ್ನು ಹುಡುಕಿ ಸ್ಟಾರ್ಟ್ ಕೊಡಿ. ಇನ್ನೊಂದು ಸ್ವಲ್ಪ ಅಡಗಿಕೊಂಡಿರುತ್ತದೆ: ವಿಂಡೋಸ್ 11ರ 'ಮೆಮೊರಿ ಇಂಟೆಗ್ರಿಟಿ'. ಹಳೆಯ, ಸರಿಯಾಗಿ ಬರೆಯದ ಡ್ರೈವರ್‌ಗಳನ್ನು ಇದು ಲೋಡ್ ಆಗಲು ಬಿಡುವುದಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್ ವಿವರಗಳಿಗೆ ಹೋಗಿ. ಹೊಂದದ ಡ್ರೈವರ್‌ಗಳಿದ್ದರೆ ಫೈಲ್ ಹೆಸರಿನ ಸಮೇತ ಅಲ್ಲಿ ಪಟ್ಟಿ ಸಿಗುತ್ತದೆ. ನಿಮ್ಮ ಟೋಕನ್‌ನ ಡ್ರೈವರ್ ಅದರಲ್ಲಿದ್ದರೆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಟೋಕನ್ ತಯಾರಕರ ಸೈಟಿನಿಂದ ಹೊಸ ಆವೃತ್ತಿ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಟೋಕನ್ ಚುಚ್ಚಿದಾಗ ಸಿಡಿ ಡ್ರೈವ್‌ನ ಹಾಗೆ ಕಾಣುವ ಅದರೊಳಗಿನ 'ಸಿಡಿ'ಯಲ್ಲಿ ಬರುವ ಡ್ರೈವರ್ ಬಹಳ ಸಲ ಟೋಕನ್ ತಯಾರಾದ ಕಾಲದ್ದೇ ಆಗಿರುತ್ತದೆ. ಮೆಮೊರಿ ಇಂಟೆಗ್ರಿಟಿಯನ್ನು ಆರಿಸುವುದು ಸುಲಭವಾದ ದಾರಿ, ನಿಜ. ಆದರೆ ಹೊಸ ಡ್ರೈವರ್ ಸಿಗುವುದಾದರೆ ಆ ಕಡೆ ಹೋಗಲೇಬೇಡಿ.

ಒಂದು ಎಚ್ಚರಿಕೆ. ಪರೀಕ್ಷೆ ಮಾಡುವ ಭರದಲ್ಲಿ ಪಿನ್ ಅಂದಾಜಿನ ಮೇಲೆ ಹಾಕಬೇಡಿ. ಕೆಲವು ಸಲ ತಪ್ಪಿದರೆ ಟೋಕನ್ ಲಾಕ್ ಆಗುತ್ತದೆ. ಆಮೇಲೆ ಹೊಸ ಡಿಎಸ್‌ಸಿ ಮಾಡಿಸುವ ಹಂತಕ್ಕೂ ಹೋಗಬಹುದು.

ಸೈನರ್ ಪ್ರೋಗ್ರಾಂ ಓಡುತ್ತಿದೆಯೇ, ವಿಂಡೋಸ್ ಅದನ್ನು ಹಿಡಿದಿದೆಯೇ?

ಇನ್‌ಸ್ಟಾಲ್ ಮಾಡುವಾಗಲೇ ನೀಲಿ ಪೆಟ್ಟಿಗೆ ಬಂದು 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಎಂದರೆ ಅದು ಸ್ಮಾರ್ಟ್‌ಸ್ಕ್ರೀನ್. ಫೈಲಿನಲ್ಲಿ ವೈರಸ್ ಇದೆ ಎಂದು ಅದು ಹೇಳುತ್ತಿಲ್ಲ. ಈ ಫೈಲನ್ನು ತಾನು ಹೆಚ್ಚು ಕಂಡಿಲ್ಲ ಎನ್ನುತ್ತಿದೆ, ಅಷ್ಟೇ. 'ಮೋರ್ ಇನ್ಫೋ' ಒತ್ತಿದರೆ 'ರನ್ ಎನಿವೇ' ಬರುತ್ತದೆ. ಒತ್ತುವ ಮುನ್ನ ಒಂದು ನಿಮಿಷ ತಾಳಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. 'ಡಿಜಿಟಲ್ ಸಿಗ್ನೇಚರ್ಸ್' ಟ್ಯಾಬ್ ಇದೆಯೇ? ಸೈನ್ ಮಾಡಿದವರ ಹೆಸರು ನೀವು ನಿರೀಕ್ಷಿಸಿದ ಕಂಪನಿಯದ್ದೇ? ಡಿಟೇಲ್ಸ್ ಒತ್ತಿದರೆ ಸಹಿ ಸರಿ ಇದೆ ಎನ್ನುತ್ತದೆಯೇ? ಎಂಸೈನರ್ ಬೆಂಗಳೂರಿನ ಇಮುದ್ರಾ ಕಂಪನಿಯ ಉತ್ಪನ್ನ. ಅದರ ಫೈಲಿನಲ್ಲಿ ಇನ್ನಾರದೋ ಹೆಸರು ಕಂಡರೆ, ಅಥವಾ ಆ ಟ್ಯಾಬೇ ಇಲ್ಲದಿದ್ದರೆ, ಫೈಲ್ ಅಳಿಸಿ ಪೋರ್ಟಲ್‌ನ ಡೌನ್‌ಲೋಡ್ ಪುಟದಿಂದಲೇ ಮತ್ತೆ ಇಳಿಸಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ಜಿಪ್ ಫೈಲಿನಿಂದ ಸೈನರ್ ಹಾಕಿಕೊಳ್ಳಲೇಬೇಡಿ, ಕಳಿಸಿದವರು ಎಷ್ಟೇ ಆಪ್ತರಾಗಿರಲಿ.

ಪ್ರಾಪರ್ಟೀಸ್‌ನ ಜನರಲ್ ಟ್ಯಾಬಿನ ಕೆಳಗೆ 'ಅನ್‌ಬ್ಲಾಕ್' ಎಂಬ ಪುಟ್ಟ ಚೌಕ ಇರಬಹುದು. ಇಂಟರ್ನೆಟ್ಟಿನಿಂದ ಬಂದ ಫೈಲಿಗೆ ವಿಂಡೋಸ್ ಅಂಟಿಸುವ ಗುರುತು ಅದು. ಜಿಪ್ ಫೈಲ್ ಆಗಿದ್ದರೆ ಬಿಚ್ಚುವ ಮೊದಲೇ ಟಿಕ್ ಮಾಡಿ ಅಪ್ಲೈ ಕೊಡಿ. ವಿಂಡೋಸ್‌ನದ್ದೇ ಸೌಲಭ್ಯದಲ್ಲಿ ಬಿಚ್ಚಿದರೆ ಒಳಗಿನ ಫೈಲುಗಳಿಗೂ ಆ ಗುರುತು ಅಂಟಿಕೊಳ್ಳುತ್ತದೆ. ಇನ್‌ಸ್ಟಾಲ್ ಆಯಿತು, ಆದರೆ ಯಾವುದೋ ಒಂದು ತುಣುಕು ಮಾತ್ರ ಓಡುತ್ತಿಲ್ಲ ಎಂಬ ವಿಚಿತ್ರ ತೊಂದರೆಗೆ ಕೆಲವೊಮ್ಮೆ ಇದೇ ಕಾರಣ.

'ರನ್ ಎನಿವೇ' ಗುಂಡಿಯೇ ಇಲ್ಲದೆ ಸುಮ್ನೆ ತಡೆದರೆ ಅದು ಬಹುಶಃ ಸ್ಮಾರ್ಟ್ ಆ್ಯಪ್ ಕಂಟ್ರೋಲ್. 2022ರ ವಿಂಡೋಸ್ 11 ಅಪ್‌ಡೇಟಿನಿಂದ ಬಂದದ್ದು. ಒಂದೊಂದು ಆ್ಯಪಿಗೆ ಬೇರೆಬೇರೆಯಾಗಿ ವಿನಾಯಿತಿ ಕೊಡುವ ಅವಕಾಶ ಇದರಲ್ಲಿಲ್ಲ. ಬಂದ ಹೊಸದರಲ್ಲಿ, ಒಮ್ಮೆ ಆರಿಸಿದರೆ ವಿಂಡೋಸನ್ನು ಹೊಸದಾಗಿ ಹಾಕದೆ ಮತ್ತೆ ಹಚ್ಚಲು ಆಗುತ್ತಿರಲಿಲ್ಲ. ಆದ್ದರಿಂದ ಮೊದಲು ಸೈನರ್‌ನ ಹೊಸ, ಸರಿಯಾಗಿ ಸೈನ್ ಆದ ಆವೃತ್ತಿ ಇದೆಯೇ ಎಂದು ಹುಡುಕಿ. ಇದನ್ನು ಆರಿಸುವುದು ಕೊನೆಯ ಮಾತು. ಇನ್ನು, ಲ್ಯಾಪ್‌ಟಾಪ್ 'ಎಸ್ ಮೋಡ್'ನಲ್ಲಿ ಬಂದಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನ ಹೊರಗಿನ ಯಾವುದೂ ಹಾಕಲು ಬರುವುದಿಲ್ಲ. ಆ ಮೋಡ್‌ನಿಂದ ಹೊರಬಂದರೆ ಮತ್ತೆ ಹಿಂದಕ್ಕೆ ಹೋಗಲಾಗದು. ಆದರೆ ಡಿಎಸ್‌ಸಿ ಕೆಲಸ ಆಗಬೇಕಾದರೆ ಬೇರೆ ದಾರಿಯೂ ಇಲ್ಲ.

ಇನ್‌ಸ್ಟಾಲ್ ಸರಿಯಾಗಿ ಆಗಿ, ಮರುದಿನ ಪ್ರೋಗ್ರಾಂ ಮಾಯವಾಗಿದ್ದರೆ? ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ 'ಪ್ರೊಟೆಕ್ಷನ್ ಹಿಸ್ಟರಿ' ತೆರೆಯಿರಿ. ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್ ಎತ್ತಿಟ್ಟಿದ್ದರೆ ಯಾವ ಫೈಲು, ಎಷ್ಟು ಹೊತ್ತಿಗೆ ಎಂಬುದೆಲ್ಲ ಅಲ್ಲಿರುತ್ತದೆ. ಫೈಲು ಅಸಲಿ ಎಂದು ಮೇಲಿನಂತೆ ಖಾತ್ರಿಯಾಗಿದ್ದರೆ ಅಲ್ಲಿಂದಲೇ ರಿಸ್ಟೋರ್ ಮಾಡಿ. ಹೊರಗಿನ ಆಂಟಿವೈರಸ್ ಇದ್ದರೆ ಅದರ ಕ್ವಾರಂಟೈನ್ ಪಟ್ಟಿ ನೋಡಿ. ವಿನಾಯಿತಿ ಕೊಡುವುದಾದರೆ ಆ ಒಂದು ಪ್ರೋಗ್ರಾಂಗೆ ಕೊಡಿ. ಡೌನ್‌ಲೋಡ್ಸ್ ಫೋಲ್ಡರಿಗೋ ಇಡೀ ಸಿ ಡ್ರೈವಿಗೋ ಕೊಟ್ಟುಬಿಟ್ಟರೆ ಆಂಟಿವೈರಸ್ ಇದ್ದೂ ಇಲ್ಲದಂತೆ.

ಪೋರ್ಟ್ ತೆರೆದಿದೆಯೇ?

ಎಂಸೈನರ್ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಡಿ. ಸುಮ್ನೆ ಡಬಲ್ ಕ್ಲಿಕ್ ಮಾಡಿದಾಗ ಅನುಮತಿ ಸಾಲದೆ ಎಷ್ಟೋ ಕಡೆ ಅದು ಶುರುವಾದ ಹಾಗೆ ಕಂಡು ಸದ್ದಿಲ್ಲದೆ ನಿಂತುಬಿಡುತ್ತದೆ. ಈಗ ಸ್ಟಾರ್ಟ್ ಮೆನುವಿನಲ್ಲಿ 'ರಿಸೋರ್ಸ್ ಮಾನಿಟರ್' ತೆರೆದು ನೆಟ್‌ವರ್ಕ್ ಟ್ಯಾಬಿನ ಕೆಳಗಿನ 'ಲಿಸನಿಂಗ್ ಪೋರ್ಟ್ಸ್' ಪಟ್ಟಿ ನೋಡಿ. ಕಪ್ಪು ಪರದೆಯಲ್ಲಿ ಕಮಾಂಡ್ ಬರೆಯಲು ಇಷ್ಟವಿಲ್ಲದವರಿಗೆ ಇದು ಒಳ್ಳೆಯ ಜಾಗ. 1585ರ ಸಾಲಿನಲ್ಲಿ ಸೈನರ್ ಹೆಸರಿದ್ದರೆ ಎಲ್ಲ ಸರಿ. ಬೇರೆ ಪ್ರೋಗ್ರಾಂನ ಹೆಸರಿದ್ದರೆ ಜಾಗವನ್ನು ಅದು ಹಿಡಿದಿದೆ. ಅದನ್ನು ಮುಚ್ಚಿ, ಸೈನರನ್ನು ಮತ್ತೆ ಶುರು ಮಾಡಿ. ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಪೋರ್ಟಲ್‌ಗಳ ನಾಲ್ಕು ಸೈನರ್‌ಗಳು ಇರುವ ಸಿಎ ಆಫೀಸುಗಳಲ್ಲಿ ಹೀಗೆ ಒಂದಕ್ಕೊಂದು ಕಾಲು ಕೊಡುವುದು ಮಾಮೂಲಿ. ಆಗ ಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನು ಮುಚ್ಚುವುದು ಒಳ್ಳೆಯದು.

ಫೈರ್‌ವಾಲ್ ಬಗ್ಗೆ ಒಂದು ಮಾತು. ಕಂಪ್ಯೂಟರ್ ತನ್ನೊಡನೆ ತಾನೇ ಆಡುವ ಮಾತನ್ನು ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ತಡೆಯುವುದಿಲ್ಲ. ಹಾಗಾಗಿ ಅದನ್ನು ಆಫ್ ಮಾಡಿ ಎಂಬ ಸಲಹೆಯಿಂದ ಹೆಚ್ಚಿನ ಸಲ ಏನೂ ಬದಲಾಗುವುದಿಲ್ಲ. ಹೊರಗಿನ ಆಂಟಿವೈರಸ್‌ಗಳ 'ವೆಬ್ ಪ್ರೊಟೆಕ್ಷನ್' ಮಾತ್ರ ಬೇರೆ ಕಥೆ. ಸುರಕ್ಷಿತ ಸಂಪರ್ಕವನ್ನೂ ಬಿಚ್ಚಿ ನೋಡುವ ಆ ಭಾಗ ಕೆಲವೊಮ್ಮೆ 127.0.0.1ರ ಸಂಪರ್ಕವನ್ನೂ ಕೆಡಿಸುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಈ ಒಂದು ವಿಳಾಸಕ್ಕೆ ವಿನಾಯಿತಿ ಬರೆದರೆ ಸಾಕು.

ಬ್ರೌಸರಿನ ಎರಡು ತಡೆಗಳು

ಬ್ರೌಸರ್ ಮೊದಲು ಅಡ್ಡಿ ಮಾಡುವುದು ಸರ್ಟಿಫಿಕೇಟ್ ವಿಷಯದಲ್ಲಿ. ಪೋರ್ಟಲ್ ಎಚ್‌ಟಿಟಿಪಿಎಸ್‌ನಲ್ಲಿ ಇರುವುದರಿಂದ ಸೈನರ್ ಕೂಡ ಎಚ್‌ಟಿಟಿಪಿಎಸ್‌ನಲ್ಲೇ ಮಾತಾಡುತ್ತದೆ. ಆದರೆ ಅದರ ಸರ್ಟಿಫಿಕೇಟ್ ಅದೇ ಮಾಡಿಕೊಂಡದ್ದು. ಬ್ರೌಸರ್ ನಂಬುವುದಿಲ್ಲ, ಹಿನ್ನೆಲೆಯಲ್ಲಿ ಮಾತಿಲ್ಲದೆ ತಡೆಯುತ್ತದೆ, ನಿಮಗೆ ಏನೂ ಕಾಣುವುದಿಲ್ಲ. ಅದಕ್ಕೇ ಹೊಸ ಟ್ಯಾಬ್ ತೆರೆದು ಎಚ್‌ಟಿಟಿಪಿಎಸ್ ಸೇರಿಸಿ 127.0.0.1:1585 ಎಂದು ಟೈಪ್ ಮಾಡಿ ಎಂಟರ್ ಒತ್ತಿ. 'ನಿಮ್ಮ ಸಂಪರ್ಕ ಖಾಸಗಿಯಲ್ಲ' ಎಂಬ ಕೆಂಪು ಪುಟ ಬಂದರೆ ಅದು ಒಳ್ಳೆಯ ಸುದ್ದಿ: ಸೈನರ್ ಬದುಕಿದೆ, ಉತ್ತರ ಕೊಡುತ್ತಿದೆ. 'ಅಡ್ವಾನ್ಸ್ಡ್' ಒತ್ತಿ, ಮುಂದುವರಿಯುವ ಲಿಂಕ್ ಒತ್ತಿ. ಬೇರೆ ಸೈಟಿನಲ್ಲಿ ಈ ಲಿಂಕ್ ಮುಟ್ಟಲೇಬಾರದು. ಇಲ್ಲಿ ಪರವಾಗಿಲ್ಲ, ಯಾಕೆಂದರೆ ಎದುರಿಗಿರುವುದು ನಿಮ್ಮ ಕಂಪ್ಯೂಟರೇ. ಕೆಂಪು ಪುಟದ ಬದಲು 'ಸಂಪರ್ಕ ನಿರಾಕರಿಸಲಾಗಿದೆ' ಎಂದು ಬಂದರೆ ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ಮೇಲಿನ ಹಂತಕ್ಕೆ ವಾಪಸ್ ಹೋಗಿ.

ಫೈರ್‌ಫಾಕ್ಸ್ ತನ್ನದೇ ಸರ್ಟಿಫಿಕೇಟ್ ಪಟ್ಟಿ ಇಟ್ಟುಕೊಳ್ಳುತ್ತದೆ. ಕ್ರೋಮ್‌ನಲ್ಲಿ ಒಪ್ಪಿಕೊಂಡದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲೂ ಇದೇ ಕೆಲಸವನ್ನು ಇನ್ನೊಮ್ಮೆ ಮಾಡಬೇಕು.

ಎರಡನೆಯದು ಹೊಸದು. ಹಾಗಾಗಿ ಹಳೆಯ ಗೈಡ್‌ಗಳಲ್ಲಿ ಸಿಗುವುದಿಲ್ಲ. 2025ರ ಅಕ್ಟೋಬರ್ ಕೊನೆಗೆ ಬಂದ ಕ್ರೋಮ್ 142ರಿಂದ, ಇಂಟರ್ನೆಟ್ಟಿನ ಒಂದು ಸೈಟ್ ನಿಮ್ಮ ಕಂಪ್ಯೂಟರಿನ ಅಥವಾ ಮನೆಯ ನೆಟ್‌ವರ್ಕಿನ ಬಾಗಿಲು ತಟ್ಟಬೇಕಾದರೆ ನಿಮ್ಮ ಅನುಮತಿ ಬೇಕು. ಲೋಕಲ್ ನೆಟ್‌ವರ್ಕಿನ ಸಾಧನಗಳನ್ನು ಹುಡುಕಿ ಸಂಪರ್ಕಿಸಲು ಬಿಡಬೇಕೇ ಎಂದು ಕ್ರೋಮ್ ಕೇಳುತ್ತದೆ. ಆವೃತ್ತಿ ಬದಲಾದ ಹಾಗೆ ಪ್ರಶ್ನೆಯ ಮಾತೂ ಸ್ವಲ್ಪ ಬದಲಾಗುತ್ತದೆ. ಪ್ರಶ್ನೆ ವಿಚಿತ್ರವಾಗಿ ಕಂಡು, ನೋಟಿಫಿಕೇಶನ್ ಪಾಪ್‌ಅಪ್ ಎಂದುಕೊಂಡು ಅಭ್ಯಾಸಬಲದಲ್ಲಿ 'ಬ್ಲಾಕ್' ಒತ್ತಿಬಿಡುತ್ತೇವೆ ಅಲ್ವಾ? ಅಲ್ಲಿಗೆ ಮುಗಿಯಿತು, ಅದು ಮತ್ತೆ ಕೇಳುವುದಿಲ್ಲ. ನಿನ್ನೆ ಸೈನ್ ಆಗುತ್ತಿತ್ತು, ಏನೂ ಮುಟ್ಟಿಲ್ಲ, ಇವತ್ತು ಆಗುತ್ತಿಲ್ಲ ಎನ್ನುವವರು ಮೊದಲು ಇದನ್ನೇ ನೋಡಿ. ಪೋರ್ಟಲ್ ಪುಟದಲ್ಲಿರುವಾಗ ವಿಳಾಸದ ಎಡಕ್ಕಿರುವ ಐಕಾನ್ ಒತ್ತಿ, ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ, ಲೋಕಲ್ ನೆಟ್‌ವರ್ಕ್‌ಗೆ ಸಂಬಂಧಿಸಿದ ಸಾಲನ್ನು 'ಅಲೋ' ಮಾಡಿ ಪುಟವನ್ನು ರೀಲೋಡ್ ಮಾಡಿ. ಈ ಅನುಮತಿ ಆ ಒಂದು ಸೈಟಿಗೆ ಮಾತ್ರ. ಜಿಎಸ್‌ಟಿಗೆ ಕೊಟ್ಟದ್ದು ಆದಾಯ ತೆರಿಗೆ ಪೋರ್ಟಲ್‌ಗೆ ನಡೆಯುವುದಿಲ್ಲ.

ಮ್ಯಾಕ್ ಇದ್ದವರಿಗೆ

ಮ್ಯಾಕ್‌ನಲ್ಲಿ ಅಡ್ಡ ನಿಲ್ಲುವುದು ಗೇಟ್‌ಕೀಪರ್, ಹೊರಗಿನಿಂದ ಬಂದ ಪ್ರೋಗ್ರಾಂಗಳನ್ನು ತಪಾಸಣೆ ಮಾಡುವ ಕಾವಲುಗಾರ. ಹಿಂದೆ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ 'ಓಪನ್' ಕೊಟ್ಟರೆ ಬಿಡುತ್ತಿತ್ತು. 2024ರ ಮ್ಯಾಕ್‌ಓಎಸ್ ಸಿಕ್ವೋಯಾ ಆವೃತ್ತಿಯಿಂದ ಆ ಒಳದಾರಿ ಮುಚ್ಚಿದೆ. ಈಗ ಫೈಲನ್ನು ಒಮ್ಮೆ ತೆರೆಯಲು ನೋಡಿ, ಅದು ತಡೆಯಲಿ. ತಕ್ಷಣ ಸಿಸ್ಟಮ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ ಕೆಳಗೆ ಸರಿಯಿರಿ. ಪ್ರೋಗ್ರಾಂನ ಹೆಸರಿನ ಪಕ್ಕ 'ಓಪನ್ ಎನಿವೇ' ಇರುತ್ತದೆ. ಆ ಗುಂಡಿ ಸುಮಾರು ಒಂದು ಗಂಟೆ ಮಾತ್ರ ಉಳಿಯುತ್ತದೆ. ಊಟಕ್ಕೆ ಹೋಗಿ ಬಂದು ಹುಡುಕಿದರೆ ಸಿಗದೇ ಇರಬಹುದು. ಆಗ ಫೈಲನ್ನು ಇನ್ನೊಮ್ಮೆ ತೆರೆಯಿರಿ, ಮತ್ತೆ ಬರುತ್ತದೆ.

ಫೈಲ್ 'ಹಾಳಾಗಿದೆ, ತೆರೆಯಲಾಗದು' ಎಂದರೆ ಟರ್ಮಿನಲ್ ಕಮಾಂಡ್ ಹಾಕಿ ಗುರುತು ಕೀಳುವ ಉಪಾಯ ಎಲ್ಲೆಡೆ ಸಿಗುತ್ತದೆ. ಸಹಿ ಮಾಡುವ ಪ್ರೋಗ್ರಾಂ ವಿಷಯದಲ್ಲಂತೂ ಅದು ಬೇಡ. ಮತ್ತೆ ಡೌನ್‌ಲೋಡ್ ಮಾಡಿ. ಆಗಲೂ ಹಾಗೇ ಅಂದರೆ ಆ ಆವೃತ್ತಿಯನ್ನೇ ಬಿಡಿ.

ಮ್ಯಾಕ್‌ನಲ್ಲಿ ಕಣ್ತಪ್ಪುವ ಜಾಗಗಳು ಇನ್ನೆರಡಿವೆ. ಆ್ಯಪಲ್ ಚಿಪ್‌ನ ಲ್ಯಾಪ್‌ಟಾಪ್ ಹೊಸ ಯುಎಸ್‌ಬಿ ಸಾಧನ ಚುಚ್ಚಿದಾಗ ಅನುಮತಿ ಕೇಳುತ್ತದೆ. ಬೇಡ ಅಂದುಬಿಟ್ಟಿದ್ದರೆ ಟೋಕನ್ ಕಾಣುವುದೇ ಇಲ್ಲ. ಕಿತ್ತು, ಮತ್ತೆ ಚುಚ್ಚಿ, 'ಅಲೋ' ಕೊಡಿ. ಇನ್ನೊಂದು ಜನರಲ್‌ನ ಒಳಗಿರುವ ಲಾಗಿನ್ ಐಟಮ್ಸ್: ಹಿನ್ನೆಲೆಯಲ್ಲಿ ಓಡಲು ಸೈನರ್‌ಗೆ ಇರುವ ಸ್ವಿಚ್ ಅಲ್ಲಿ ಆಫ್ ಆಗಿರಬಹುದು.

ಉಬುಂಟು ಬಳಸುವವರಿಗೆ ಚಿಕ್ಕದಾಗಿ: 22.04ರಿಂದ ಅದರ ಜೊತೆ ಬರುವ ಫೈರ್‌ಫಾಕ್ಸ್, ಸ್ನ್ಯಾಪ್ ಎಂಬ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ಹೊರಗಿನ ಟೋಕನ್ ಡ್ರೈವರ್ ಫೈಲಿಗೆ ಅದರ ಕೈ ಎಟುಕುವುದಿಲ್ಲ. ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾದವರೇ ಕೊಡುವ, ಪೆಟ್ಟಿಗೆಯಿಲ್ಲದ ಡೆಬ್ ಆವೃತ್ತಿ ಹಾಕಿಕೊಳ್ಳಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಆಫೀಸಿನ ಕಂಪ್ಯೂಟರ್ ಆದರೆ

ಕ್ರೋಮ್‌ನ ಮೂರು ಚುಕ್ಕೆ ಮೆನುವಿನ ತುದಿಯಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್' ಎಂದಿದ್ದರೆ ಬೀಗದ ಕೈ ನಿಮ್ಮ ಹತ್ತಿರ ಇಲ್ಲ. ಮೇಲಿನ ಅರ್ಧ ಸ್ವಿಚ್ಚುಗಳು ಮಂಕಾಗಿ ಕಾಣುತ್ತವೆ. ಐಟಿಯವರಿಗೆ ಬರೆಯುವುದೇ ದಾರಿ. "ಡಿಎಸ್‌ಸಿ ವರ್ಕ್ ಆಗ್ತಿಲ್ಲ" ಎಂದಷ್ಟೇ ಬರೆದರೆ ಅವರೂ ರೀಸ್ಟಾರ್ಟ್ ಮಾಡಿ ಎಂದೇ ಹೇಳುತ್ತಾರೆ. ಹೀಗೆ ಬರೆಯಿರಿ:

"ಸರ್, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸೈನ್ ಆಗುತ್ತಿಲ್ಲ. ಟೋಕನ್ ಸರ್ಟಿಫಿಕೇಟ್ ವಿಂಡೋಸ್‌ನಲ್ಲಿ ಕಾಣುತ್ತಿದೆ. ಎಂಸೈನರ್ ಓಡುತ್ತಿದೆ, 1585 ಪೋರ್ಟ್ ಹಿಡಿದಿದೆ. ಕ್ರೋಮ್‌ನಲ್ಲಿ ಈ ಸೈಟಿಗೆ ಲೋಕಲ್ ನೆಟ್‌ವರ್ಕ್ ಅನುಮತಿ ಪಾಲಿಸಿಯಿಂದ ಬ್ಲಾಕ್ ಆಗಿದೆ. ಈ ಒಂದು ಸೈಟಿಗೆ ಮಾತ್ರ ಬಿಟ್ಟುಕೊಡಲು ಸಾಧ್ಯವೇ? 20ಕ್ಕೆ ಕೊನೆಯ ದಿನ."

ಡ್ರೈವರನ್ನೇ ತಡೆದಿದ್ದರೆ ಈವೆಂಟ್ ವ್ಯೂಅರ್‌ನ 'ಕೋಡ್ ಇಂಟೆಗ್ರಿಟಿ' ಲಾಗಿನಲ್ಲಿ 3077 ಎಂಬ ನಂಬರಿನ ನಮೂದು ಹುಡುಕಿ. ತಡೆದ ಫೈಲಿನ ಹೆಸರು ಅದರಲ್ಲಿರುತ್ತದೆ. ಅದನ್ನೂ ಪತ್ರಕ್ಕೆ ಸೇರಿಸಿ.

ಇಷ್ಟರಲ್ಲಿ ಕೊನೆಯ ದಿನವೇ ಬಂದುಬಿಟ್ಟರೆ? ಪ್ರೊಪ್ರೈಟರ್ ಆಗಿದ್ದರೆ ಜಿಎಸ್‌ಟಿಯಲ್ಲಿ ಇವಿಸಿ ಇದೆ, ಫೋನಿಗೆ ಬರುವ ಓಟಿಪಿ ಹಾಕಿ ಫೈಲ್ ಮಾಡಿಬಿಡಿ. ಕಂಪನಿ, ಎಲ್‌ಎಲ್‌ಪಿಗಳಿಗೆ ಡಿಎಸ್‌ಸಿಯೇ ಬೇಕು. ಅಂಥವರು ಎಲ್ಲ ಸರಿ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಟೋಕನ್ ಚುಚ್ಚಿ ಅವತ್ತಿನ ಕೆಲಸ ಮುಗಿಸಿ, ರಿಪೇರಿ ಮರುದಿನಕ್ಕೆ ಇಡಿ.

ಸೈನ್ ಆದ ಮೇಲೆ ಕಿತ್ತುಹಾಕಬೇಕಾದ್ದನ್ನೂ ನೋಡಿ. ಸಹಾಯಕ್ಕೆಂದು ಹಾಕಿಸಿದ ರಿಮೋಟ್ ಕಂಟ್ರೋಲ್ ಆ್ಯಪ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಯಾವ ಪೋರ್ಟಲ್ಲೂ ಕೇಳದ ಹಳೆಯ ಜಾವಾ ಇದ್ದರೆ ಅದನ್ನೂ ತೆಗೆಯಿರಿ. ಯಾರಾದರೂ ಡಿಫೆಂಡರ್ ಆರಿಸಿದ್ದರೆ 'ರಿಯಲ್ ಟೈಮ್ ಪ್ರೊಟೆಕ್ಷನ್' ಸ್ವಿಚ್ ಮತ್ತೆ ಆನ್ ಮಾಡಿ. ಟೋಕನ್ ಕಿತ್ತು ಡ್ರಾಯರಿಗೆ ಹಾಕಿ ಬೀಗ ಹಾಕಿ. ಪಿನ್ ಬರೆದ ಚೀಟಿ ಅದೇ ಟೋಕನ್‌ಗೆ ಅಂಟಿಸಿದ್ದರೆ ಅದನ್ನು ಈಗಲೇ ಹರಿದುಬಿಡಿ.